ಒಂದು ನಡೆ, ನಾಲ್ಕು ಕಾರಣ: ಪ್ರಾಣಿ ವರ್ತನೆಯ ಅಧ್ಯಯನದ ಮೂಲ ಪರಿಕಲ್ಪನೆಗಳು



ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳಲ್ಲಿ ಪ್ರಾಣಿಗಳ ನಡವಳಿಕೆಯನ್ನು ಗಮನಿಸದೆ ಬದುಕು ಸಾಗಿಸಬಲ್ಲವರು ಕಡಿಮೆ. ಬಲೆ ಬಿಡುವವರು ನೀರಿನ ಬಣ್ಣ ನೋಡಿ ಬಂಗಡೆಯ ಹಿಂಡು ಎತ್ತ ತಿರುಗೀತು ಎಂದು ಅಳೆಯುತ್ತಾರೆ. ಅಘನಾಶಿನಿಯ ಅಳಿವೆಯಲ್ಲಿ ಬಳಚು ಹೆಕ್ಕುವ ಹೆಂಗಸರಿಗೆ ಇಳಿತದ ಹೊತ್ತು ತಿಳಿಯಲು ಗಡಿಯಾರ ಬೇಡ. ಮಂಗನ ಗುಂಪು ಯಾವ ಬೆಟ್ಟದಿಂದ, ಯಾವ ಹೊತ್ತಿಗೆ ತೋಟಕ್ಕೆ ಇಳಿಯುತ್ತದೆ ಎಂಬುದು ಅಡಿಕೆ ಬೆಳೆಗಾರರಿಗೆ ಬಾಯಿಪಾಠ. ಇಷ್ಟೆಲ್ಲ ತಿಳಿವಳಿಕೆ ಇದ್ದರೂ ‘ಅದು ಹೀಗೇಕೆ ಮಾಡುತ್ತದೆ’ ಎಂಬ ಪ್ರಶ್ನೆ ಎದ್ದ ಕೂಡಲೇ ಮಾತು ಜಗಳಕ್ಕೆ ತಿರುಗುತ್ತದೆ. ಹಸಿವಿನಿಂದ ಎನ್ನುತ್ತಾರೆ ಒಬ್ಬರು. ಅದರ ಹುಟ್ಟುಗುಣವೇ ಹಾಗೆ ಎನ್ನುತ್ತಾರೆ ಇನ್ನೊಬ್ಬರು. ನಾವೇ ತಿನ್ನಲು ಕೊಟ್ಟು ಕಲಿಸಿದೆವು ಎಂಬುದು ಮೂರನೆಯ ಮಾತು, ಕಾಡು ಹಾಳಾದ್ದರಿಂದ ಎಂಬುದು ನಾಲ್ಕನೆಯದು.

ಈ ಉತ್ತರಗಳು ಬಹುಮಟ್ಟಿಗೆ ಒಂದಕ್ಕೊಂದು ವಿರೋಧವಲ್ಲ ಎಂಬುದು ನನ್ನ ವಾದ. ಅವು ಬೇರೆ ಬೇರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು. ಪ್ರಶ್ನೆಗಳನ್ನು ಬಿಡಿಸಿ ಇಡದೆ ಉತ್ತರಗಳನ್ನು ಮಾತ್ರ ಎದುರುಬದುರು ನಿಲ್ಲಿಸಿದರೆ ವಿಜ್ಞಾನವೂ ಮುಂದೆ ಹೋಗದು, ತೋಟವೂ ಉಳಿಯದು, ಪ್ರಾಣಿಯೂ ಉಳಿಯದು.

ವಿವರಣೆಗೆ ಮೊದಲು ವರ್ಣನೆ ಬೇಕು. ಪ್ರಾಣಿ ವರ್ತನೆಯ ಅಧ್ಯಯನ, ಅಂದರೆ ಈಥಾಲಜಿ, ಮೊದಲು ಕೇಳುವುದು ಒಂದು ಪಟ್ಟಿಯನ್ನು: ಈ ಪ್ರಾಣಿ ಏನೇನು ಮಾಡುತ್ತದೆ, ಪ್ರತಿಯೊಂದು ಕ್ರಿಯೆ ಕಣ್ಣಿಗೆ ಹೇಗೆ ಕಾಣುತ್ತದೆ. ಸುಮ್ಮನೆ ಕೂತಿರುವುದೂ ಆ ಪಟ್ಟಿಯಲ್ಲಿ ಒಂದು ನಮೂದು. ಪಟ್ಟಿಯ ಭಾಷೆಯಲ್ಲಿ ತೀರ್ಪು ಇರಬಾರದು ಎಂಬುದು ಇಲ್ಲಿಯ ಶಿಸ್ತು. ಮಂಗ ಸಿಟ್ಟಿನಿಂದ ಹಲ್ಲು ಕಿರಿಯಿತು ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ನಮ್ಮ ಊರಿನ ಮಂಗವೂ ಸೇರಿದಂತೆ ಮಕಾಕ್ ಕುಲದ ಕೋತಿಗಳಲ್ಲಿ ಸದ್ದಿಲ್ಲದೆ ಹಲ್ಲು ತೋರಿಸುವುದು ಸಾಮಾನ್ಯವಾಗಿ ಅಂಜಿಕೆಯ, ಶರಣಾಗತಿಯ ಗುರುತು. ಬೆದರಿಕೆಯ ಗುರುತು ಬೇರೆಯೇ ಇದೆ: ಬಾಯಿ ತೆರೆದು, ಹುಬ್ಬು ಎತ್ತಿ, ನೇರ ದಿಟ್ಟಿಸುವುದು. ‘ಹಲ್ಲು ಕಾಣುತ್ತಿದೆ, ಸದ್ದಿಲ್ಲ, ಹಿಂದೆ ಸರಿಯುತ್ತಿದೆ’ ಎಂದು ಬರೆದುಕೊಂಡವರಿಗೆ ಮುಂದೊಂದು ದಿನ ಅದರ ಅರ್ಥ ಸಿಗುತ್ತದೆ. ‘ಸಿಟ್ಟು’ ಎಂದು ಬರೆದವರ ಪುಸ್ತಕದಲ್ಲಿ ತಪ್ಪು ಶಾಶ್ವತವಾಗಿ ಉಳಿಯುತ್ತದೆ.

ನೋಡುವುದಕ್ಕೂ ಕ್ರಮವಿದೆ. ಕಣ್ಣು ಯಾವಾಗಲೂ ಗದ್ದಲದ ಕಡೆಗೆ ಓಡುತ್ತದೆ. ಕಚ್ಚಾಟ, ಕೂಡಾಟ, ಕಳ್ಳತನ ಇವಷ್ಟೇ ನೆನಪಿನಲ್ಲಿ ಉಳಿದು ದಿನದ ಬಹುಪಾಲನ್ನು ತುಂಬುವ ಮೇವು ಮತ್ತು ವಿಶ್ರಾಂತಿ ಜಾರಿಹೋಗುತ್ತವೆ. 1974ರಲ್ಲಿ ಜೀನ್ ಆಲ್ಟ್‌ಮನ್ ಬರೆದ ಪ್ರಬಂಧ ಈ ದೋಷಕ್ಕೆ ಮದ್ದು ಹೇಳಿತು. ಒಂದೇ ಪ್ರಾಣಿಯನ್ನು ಆರಿಸಿಕೊಂಡು ಗೊತ್ತುಪಡಿಸಿದಷ್ಟು ಹೊತ್ತು ಅದು ಮಾಡಿದ್ದನ್ನೆಲ್ಲ ಬರೆಯುವುದು ಒಂದು ವಿಧಾನ. ಗೊತ್ತಾದ ಅಂತರದಲ್ಲಿ ಇಡೀ ಗುಂಪಿನ ಮೇಲೆ ಕಣ್ಣು ಹಾಯಿಸಿ ಆ ಕ್ಷಣ ಯಾರು ಏನು ಮಾಡುತ್ತಿದ್ದಾರೆ ಎಂದು ಗುರುತಿಸುವುದು ಇನ್ನೊಂದು. ಇಂದು ವಾನರಗಳ ಬಗ್ಗೆ ಬರುವ ಅಂಕಿಗಳ ಹಿಂದೆ ಹೆಚ್ಚಾಗಿ ಇವೆರಡೇ ಇರುತ್ತವೆ.

ಇನ್ನೊಂದು ಎಚ್ಚರಿಕೆ ಹಳೆಯದು. 1894ರಲ್ಲಿ ಲಾಯ್ಡ್ ಮಾರ್ಗನ್ ಒಂದು ಸೂತ್ರ ಹಾಕಿಕೊಟ್ಟರು: ಸರಳ ಮಾನಸಿಕ ಕ್ರಿಯೆಯಿಂದ ವಿವರಿಸಲು ಆಗುವುದನ್ನು ಉನ್ನತ ಬುದ್ಧಿಶಕ್ತಿಯ ಲೆಕ್ಕಕ್ಕೆ ಬರೆಯಬೇಡಿ. ಇದಾದ ಕೆಲವೇ ವರ್ಷಗಳಲ್ಲಿ ಜರ್ಮನಿಯಲ್ಲಿ ಹಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕ ಹೇಳುತ್ತದೆ ಎಂದು ಹೆಸರಾಯಿತು. 1907ರಲ್ಲಿ ಆಸ್ಕರ್ ಪ್ಫುಂಗ್ಸ್ಟ್ ಪರೀಕ್ಷಿಸಿ ತೋರಿಸಿದ್ದೇ ಬೇರೆ: ಪ್ರಶ್ನೆ ಕೇಳಿದವರ ತಲೆ, ಮೈಯ ಅತಿ ಸೂಕ್ಷ್ಮ ಚಲನೆಯನ್ನು ಕುದುರೆ ಓದುತ್ತಿತ್ತು, ಸರಿ ಸಂಖ್ಯೆ ಬಂದಾಗ ಅವರು ತಿಳಿಯದೆಯೇ ಸಡಿಲವಾಗುತ್ತಿದ್ದರು, ಅದು ನಿಲ್ಲುತ್ತಿತ್ತು. ಈ ಕತೆಯನ್ನು ಪ್ರಾಣಿಯ ದಡ್ಡತನಕ್ಕೆ ಸಾಕ್ಷಿಯಾಗಿ ಹೇಳುವ ರೂಢಿ ನನಗೆ ಒಪ್ಪಿಗೆಯಿಲ್ಲ. ಕುದುರೆಗೆ ಗಣಿತ ಬರುತ್ತಿರಲಿಲ್ಲ, ನಿಜ. ಆದರೆ ಮನುಷ್ಯನ ಮೈಯನ್ನು ಅದು ಓದಿದಷ್ಟು ನುಣ್ಣಗೆ ಅಲ್ಲಿದ್ದ ಮನುಷ್ಯರಾರೂ ಓದಲಿಲ್ಲ. ಪ್ರಾಣಿಗೆ ನಮ್ಮ ಮನಸ್ಸನ್ನು ತೊಡಿಸುವುದು ಒಂದು ತಪ್ಪು. ಅದಕ್ಕೆ ಮನಸ್ಸೇ ಇಲ್ಲವೆಂದು ಮೊದಲೇ ತೀರ್ಮಾನಿಸುವುದೂ ಅಷ್ಟೇ ದೊಡ್ಡ ತಪ್ಪು.

ಪ್ರತಿಯೊಂದು ಪ್ರಾಣಿಯೂ ತನ್ನ ಇಂದ್ರಿಯಗಳಿಗೆ ಎಟುಕುವ ಲೋಕದಲ್ಲಿ ಬಾಳುತ್ತದೆ ಎಂದು ಯಾಕೋಬ್ ಫಾನ್ ಯುಕ್ಸ್‌ಕ್ಯುಲ್ ಕಳೆದ ಶತಮಾನದ ಆರಂಭದಲ್ಲಿ ವಾದಿಸಿದರು. ನಮಗೆ ಒಂದೇ ಎಂದು ತೋರುವ ಕಡಲತೀರ ಅಲ್ಲಿರುವ ಏಡಿಗೆ, ಆಮೆಮರಿಗೆ, ನೇತ್ರಾಣಿ ದ್ವೀಪದಿಂದ ಹಾರಿ ಬರುವ ಬಿಳಿಹೊಟ್ಟೆಯ ಕಡಲ ಹದ್ದಿಗೆ ಮೂರು ಬೇರೆ ತೀರಗಳು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರಧಾನ ವಿಷಯಕ್ಕೆ ಬರುತ್ತೇನೆ.

1963ರಲ್ಲಿ ನಿಕೊ ಟಿನ್‌ಬರ್ಗನ್ ಈಥಾಲಜಿಯ ಗುರಿ ಮತ್ತು ವಿಧಾನಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಹತ್ತು ವರ್ಷಗಳ ಬಳಿಕ, 1973ರಲ್ಲಿ, ಕೊನ್ರಾಡ್ ಲೊರೆನ್ಸ್ ಮತ್ತು ಕಾರ್ಲ್ ಫಾನ್ ಫ್ರಿಷ್ ಅವರೊಂದಿಗೆ ಅವರಿಗೆ ನೊಬೆಲ್ ಪುರಸ್ಕಾರ ಬಂತು. ಆ ಪ್ರಬಂಧದ ಸಾರ ಇಷ್ಟು: ಯಾವುದೇ ವರ್ತನೆಯ ಬಗ್ಗೆ ನಾಲ್ಕು ಪ್ರಶ್ನೆ ಕೇಳಬೇಕು. ಈ ಕ್ಷಣದಲ್ಲಿ ಅದನ್ನು ಹೊರಡಿಸಿದ್ದು ಏನು? ಈ ಪ್ರಾಣಿಯ ಆಯುಸ್ಸಿನಲ್ಲಿ ಅದು ಹೇಗೆ ಬೆಳೆದುಬಂತು? ಬದುಕಿ ಉಳಿಯಲು, ಸಂತಾನ ಬೆಳೆಸಲು ಅದರಿಂದ ಏನು ಪ್ರಯೋಜನ? ಪೂರ್ವಜರಲ್ಲಿ ಯಾವ ರೂಪದಿಂದ ಅದು ಈ ರೂಪಕ್ಕೆ ಬಂತು? ಮೊದಲೆರಡು ಹತ್ತಿರದ ಕಾರಣಗಳು, ಕೊನೆಯೆರಡು ದೂರದವು. ಒಂದಕ್ಕೆ ಉತ್ತರ ಸಿಕ್ಕಿತೆಂದು ಉಳಿದ ಮೂರು ಮುಚ್ಚಿಹೋಗುವುದಿಲ್ಲ.

ಅಘನಾಶಿನಿಯ ಅಳಿವೆಯಿಂದಲೇ ಉದಾಹರಣೆ ತೆಗೆದುಕೊಳ್ಳೋಣ. ಅಣೆಕಟ್ಟಿಲ್ಲದೆ ಕಡಲು ಸೇರುವ ಈ ಹೊಳೆಯ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ ದೊರೆಯಿತು. ಇಳಿತದಲ್ಲಿ ಅಲ್ಲಿಯ ಕೆಸರು ಬಯಲು ತೆರೆದುಕೊಂಡಾಗ ಸಣ್ಣ ಏಡಿಗಳು ಬಿಲದಿಂದ ಹೊರಬರುತ್ತವೆ. ಗಂಡಿಗೆ ಒಂದು ಕೊಂಡಿ ಮೈಗಿಂತ ಮಿಗಿಲಾಗಿ ಬೆಳೆದಿರುತ್ತದೆ. ಅದನ್ನು ಎತ್ತಿ ಇಳಿಸಿ ಬೀಸುತ್ತಿರುತ್ತದೆ. ಹೆಣ್ಣಿಗೆ ಎರಡೂ ಸಣ್ಣ ಕೊಂಡಿ. ಎರಡರಿಂದಲೂ ಕೆಸರು ಎತ್ತಿ ತಿನ್ನುತ್ತದೆ. ಗಂಡಿನ ದೊಡ್ಡ ಕೊಂಡಿ ಉಣ್ಣಲು ಬಾರದು.

ಗಂಡೇಡಿ ಏಕೆ ಬೀಸುತ್ತದೆ? ಮೊದಲ ಪ್ರಶ್ನೆಗೆ ಉತ್ತರ: ಹೆಣ್ಣು ಅಥವಾ ಎದುರಾಳಿ ಗಂಡು ಕಣ್ಣಿಗೆ ಬಿದ್ದದ್ದರಿಂದ. ಅದೂ ಪೂರ್ತಿ ಉತ್ತರವಲ್ಲ, ಏಡಿಯೊಳಗೆ ಹೊತ್ತಿನ ಲೆಕ್ಕವೂ ಇದೆ. ಭರತ ಇಳಿತಗಳ ಒಂದು ಸುತ್ತಿಗೆ ಸುಮಾರು 12.4 ಗಂಟೆ ಹಿಡಿಯುತ್ತದೆ. ಹಾಗಾಗಿ ಇಳಿತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಈ ಬಗೆಯ ಏಡಿಗಳನ್ನು ನೀರಿನ ಏರಿಳಿತವೇ ಇಲ್ಲದ ಪ್ರಯೋಗಾಲಯದಲ್ಲಿ ಇಟ್ಟಾಗಲೂ ಅವುಗಳ ಚಟುವಟಿಕೆ ಕೆಲವು ದಿನ ತವರಿನ ತೀರದ ಇಳಿತವನ್ನೇ ಅನುಸರಿಸಿದ್ದು 1950ರ ದಶಕದ ಪ್ರಯೋಗಗಳಲ್ಲಿ ದಾಖಲಾಗಿದೆ. ಹೊರಗಿನ ಪ್ರಚೋದನೆಯಷ್ಟೇ ಅಲ್ಲ, ಒಳಗಿನ ಲಯವೂ ಕಾರಣ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಪ್ರಯೋಜನದ ಪ್ರಶ್ನೆಗೆ ಬಂದರೆ ಚಿತ್ರ ಬೇರೆಯಾಗುತ್ತದೆ. ಬೀಸುವುದಕ್ಕೆ ಬೆಲೆಯಿದೆ: ಶಕ್ತಿ ಖರ್ಚು, ಮೇವಿನ ಹೊತ್ತು ನಷ್ಟ, ಹಕ್ಕಿಯ ಕಣ್ಣಿಗೆ ಬೀಳುವ ಭಯ. ಆದರೂ ಬೀಸುವ ಗಂಡಿಗೆ ಹೆಣ್ಣು ಒಲಿಯುವುದರಿಂದ ಆ ನಡೆ ಉಳಿದುಬಂದಿದೆ. ಹಿಂದೂ ಮಹಾಸಾಗರದ ತೀರಗಳಲ್ಲಿ ಹರಡಿರುವ ಒಂದು ಜಾತಿಯಲ್ಲಿ ಅಕ್ಕಪಕ್ಕದ ಗಂಡುಗಳು ಒಟ್ಟಿಗೆ ಬೀಸುತ್ತವೆ. ಹೆಣ್ಣು ಅವುಗಳಲ್ಲಿ ಒಂದು ಕ್ಷಣ ಮುಂಚೆ ಬೀಸಿದವನನ್ನು ಆರಿಸುವ ಒಲವು ತೋರುತ್ತದೆ. ಒಟ್ಟಿಗೆ ಬೀಸಿದ್ದು ಒಗ್ಗಟ್ಟಿನಿಂದಲ್ಲ, ಪ್ರತಿಯೊಬ್ಬನೂ ಮೊದಲಿಗನಾಗಲು ಹೊರಟದ್ದರ ಫಲ. ಹೊರಗಿನಿಂದ ಸಹಕಾರದಂತೆ ಕಾಣುವುದರ ಒಳಗೆ ಪೈಪೋಟಿ ಇರಬಹುದು ಎಂಬ ಪಾಠ ನಮ್ಮ ಶಾಸ್ತ್ರದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಅದೇ ಜಾತಿಯಲ್ಲಿ ಕೊಂಡಿ ಮುರಿದುಹೋದರೆ ಹೊಸದು ಬೆಳೆಯುತ್ತದೆ. ಉದ್ದದಲ್ಲಿ ಹಳೆಯದರಷ್ಟೇ, ಬಲದಲ್ಲಿ ಕಡಿಮೆ. ನೋಡಿದ ಎದುರಾಳಿಗೆ ವ್ಯತ್ಯಾಸ ತಿಳಿಯದು. ಸಂಜ್ಞೆ ಎಂಬುದು ಸುದ್ದಿಯೂ ಹೌದು, ಕೆಲವೊಮ್ಮೆ ವಂಚನೆಯೂ ಹೌದು. ಆದರೆ ವಂಚನೆಯೇ ಹೆಚ್ಚಾದರೆ ಸಂಜ್ಞೆಯನ್ನು ಯಾರೂ ನಂಬುವುದಿಲ್ಲ, ಅಲ್ಲಿಗೆ ಸಂಜ್ಞೆಯೇ ಸಾಯುತ್ತದೆ. ಆದ್ದರಿಂದ ಬಹುಪಾಲು ಸಂಜ್ಞೆಗಳು ಒಟ್ಟಾರೆ ನಂಬಿಕೆಗೆ ಅರ್ಹವಾಗಿಯೇ ಉಳಿಯುತ್ತವೆ.

ಬೆಳವಣಿಗೆಯ ಪ್ರಶ್ನೆ ಹೆಚ್ಚು ಜಗಳಕ್ಕೆ ಕಾರಣವಾದದ್ದು. ಹುಟ್ಟಿನಿಂದ ಬಂದದ್ದೋ, ಕಲಿತದ್ದೋ? ಲೊರೆನ್ಸ್ ಮತ್ತು ಟಿನ್‌ಬರ್ಗನ್ 1938ರಲ್ಲಿ ಕಾಡು ಹೆಬ್ಬಾತನ್ನು ಗಮನಿಸಿ ಬರೆದದ್ದು ಪ್ರಸಿದ್ಧ. ಗೂಡಿನಿಂದ ಹೊರಗುರುಳಿದ ಮೊಟ್ಟೆಯನ್ನು ಅದು ಕೊಕ್ಕಿನಡಿ ಹಿಡಿದು ಒಳಕ್ಕೆ ಎಳೆಯುತ್ತದೆ. ನಡುವೆ ಮೊಟ್ಟೆಯನ್ನು ತೆಗೆದುಬಿಟ್ಟರೂ ಎಳೆಯುವ ಚಲನೆ ಕೊನೆಯವರೆಗೆ ನಡೆಯುತ್ತದೆ. ಒಂದು ಕೀಲಿ ಸಂಜ್ಞೆ ಸಿಕ್ಕಿದೊಡನೆ ಇಡಿಯಾಗಿ ಹೊರಡುವ ಇಂಥ ನಡೆಗೆ ನಿಶ್ಚಿತ ಕ್ರಿಯಾವಿನ್ಯಾಸ ಎಂಬ ಅರ್ಥದ ಹೆಸರು ಬಂತು. ಟಿನ್‌ಬರ್ಗನ್ ಕಡಲಕ್ಕಿಯ ಮರಿಗಳಲ್ಲೂ ಇಂಥದ್ದನ್ನೇ ಕಂಡರು. ತಾಯಿಯ ಕೆಳಕೊಕ್ಕಿನ ಕೆಂಪು ಚುಕ್ಕೆಗೆ ಮರಿ ಕುಕ್ಕುತ್ತದೆ, ತಾಯಿ ಆಹಾರ ಕಕ್ಕುತ್ತದೆ. ಬಿಳಿ ಪಟ್ಟೆ ಬಳಿದ ಕೆಂಪು ಕಡ್ಡಿಯನ್ನು ತೋರಿಸಿದಾಗ ಮರಿಗಳು ನಿಜವಾದ ಕೊಕ್ಕಿಗಿಂತ ಹೆಚ್ಚು ಕುಕ್ಕಿದವು. ಸಹಜಕ್ಕಿಂತ ಮಿಗಿಲಾದ ಪ್ರಚೋದನೆ ಎಂಬ ಪರಿಕಲ್ಪನೆ ಇಂಥ ಪ್ರಯೋಗಗಳಿಂದ ಬೆಳೆಯಿತು. ಆದರೆ 1960ರ ದಶಕದಲ್ಲಿ ಜ್ಯಾಕ್ ಹೈಲ್‌ಮನ್ ಇನ್ನೊಂದು ಜಾತಿಯ ಕಡಲಕ್ಕಿಯಲ್ಲಿ ಇದೇ ಕುಕ್ಕನ್ನು ಪರೀಕ್ಷಿಸಿ, ಗುರಿ ಹಿಡಿಯುವುದನ್ನೂ ತಾಯಿಯನ್ನು ಗುರುತಿಸುವುದನ್ನೂ ಮರಿ ದಿನಗಳೆದಂತೆ ಅಭ್ಯಾಸದಿಂದ ಸುಧಾರಿಸಿಕೊಳ್ಳುತ್ತದೆ ಎಂದು ತೋರಿಸಿದರು. ಹುಟ್ಟುಗುಣವೆಂದು ನಾವು ಕರೆದದ್ದರಲ್ಲೂ ಕಲಿಕೆಯ ಪಾಲಿದೆ. ಯಾವ ಪ್ರಾಣಿ ಏನನ್ನು ಕಲಿಯಬಲ್ಲದು ಎಂಬುದರಲ್ಲಿ ಹುಟ್ಟಿನ ಪಾಲಿದೆ. ಎರಡರಲ್ಲಿ ಒಂದನ್ನು ಆರಿಸಿ ಎಂದು ಕೇಳುವ ಪ್ರಶ್ನೆಯೇ ಸರಿಯಿಲ್ಲ.

ಈಗ ಹೊನ್ನಾವರದ ಕಾಸರಕೋಡು ತೀರಕ್ಕೆ ಬನ್ನಿ. ಆಲಿವ್ ರಿಡ್ಲೆ ಕಡಲಾಮೆ ಅಲ್ಲಿ ಮರಳು ತೋಡಿ ನೂರರ ಆಸುಪಾಸು ಮೊಟ್ಟೆಯಿಟ್ಟು ಕಡಲಿಗೆ ಮರಳುತ್ತದೆ. ಸುಮಾರು ಒಂದೂವರೆಯಿಂದ ಎರಡು ತಿಂಗಳಲ್ಲಿ ಮರಿಗಳು ಹೊರಬರುತ್ತವೆ, ಹೆಚ್ಚಾಗಿ ರಾತ್ರಿ, ಮರಳು ತಣಿದ ಮೇಲೆ. ದಾರಿ ತೋರಲು ತಾಯಿ ಇಲ್ಲ, ಅನುಭವವೂ ಇಲ್ಲ. ಅವು ಬೆಳಕಾದ, ತಗ್ಗಾದ ದಿಗಂತದ ಕಡೆಗೆ ಹೊರಡುತ್ತವೆ, ಎತ್ತರದ ಕಪ್ಪು ನೆರಳಿನಿಂದ ದೂರ ಸರಿಯುತ್ತವೆ. ಮನುಷ್ಯರ ದೀಪವಿಲ್ಲದ ತೀರದಲ್ಲಿ ಬೆಳಕಾದ ದಿಗಂತವೆಂದರೆ ಕಡಲೇ. ಕಪ್ಪು ನೆರಳೆಂದರೆ ಹಿಂದಿನ ಮರಗಳು. ನೀರಿಗಿಳಿದ ಮೇಲೆ ಅಲೆಗಳಿಗೆ ಎದುರಾಗಿ ಈಜುತ್ತವೆ. ಆಳಕ್ಕೆ ಹೋದ ಬಳಿಕ ಭೂಮಿಯ ಕಾಂತಕ್ಷೇತ್ರದಿಂದ ದಿಕ್ಕು ಹಿಡಿಯುವುದನ್ನು ಅಮೆರಿಕದ ತೀರದ ಇನ್ನೊಂದು ಜಾತಿಯ ಕಡಲಾಮೆಗಳಲ್ಲಿ ಕೆನೆತ್ ಲೋಮನ್ ಮತ್ತು ಸಹೋದ್ಯೋಗಿಗಳು ಪ್ರಯೋಗಗಳಿಂದ ತೋರಿಸಿದ್ದಾರೆ. ಬೆಳೆದ ಹೆಣ್ಣು ತಾನು ಹುಟ್ಟಿದ ತೀರದ ಪ್ರದೇಶಕ್ಕೆ ಮರಳಲು ಅದೇ ಕಾಂತಕ್ಷೇತ್ರದ ಎಳವೆಯ ಅಚ್ಚು ನೆರವಾಗುತ್ತದೆ ಎಂಬ ವಾದಕ್ಕೆ ಗಟ್ಟಿ ಆಧಾರಗಳು ಕೂಡಿವೆ. ಮೊಟ್ಟೆಯೊಡೆದು ಬಂದ ಹೆಬ್ಬಾತು, ಬಾತುಗಳ ಮರಿ ಮೊದಲು ಕಂಡದ್ದನ್ನು ತಾಯಿಯೆಂದು ಹಿಂಬಾಲಿಸುವುದನ್ನು ಲೊರೆನ್ಸ್ ವಿವರಿಸಿದರಲ್ಲ, ಆ ಅಚ್ಚೊತ್ತುವಿಕೆಯ ದೂರದ ನೆಂಟ ಇದು.

ಮರಿ ಪಾಲಿಸುವ ನಿಯಮ ತೀರಾ ಸರಳ: ಬೆಳಕಿನತ್ತ ಹೋಗು. ಕೋಟ್ಯಂತರ ವರ್ಷ ಅದು ತಪ್ಪಲಿಲ್ಲ. ತೀರದಲ್ಲಿ ರಸ್ತೆದೀಪ, ರೆಸಾರ್ಟಿನ ದೀಪ, ಬಂದರಿನ ದೀಪ ಬಂದಾಗ ನಿಯಮ ಹಾಗೆಯೇ ಇತ್ತು, ಲೋಕ ಬದಲಾಗಿತ್ತು. ಮರಿ ಒಳನಾಡಿನ ಕಡೆಗೆ ತೆವಳಿ ಬಿಸಿಲೇರಿದ ಮೇಲೆ ಒಣಗಿ ಸಾಯುತ್ತದೆ, ಇಲ್ಲವೇ ನಾಯಿಯ, ಕಾಗೆಯ ಬಾಯಿಗೆ ಬೀಳುತ್ತದೆ. ಇದನ್ನು ಪ್ರಾಣಿಯ ದಡ್ಡತನವೆನ್ನುವುದು ಅನ್ಯಾಯ. ಯಾವ ವರ್ತನೆಯೂ ತನ್ನಷ್ಟಕ್ಕೇ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ; ಅದು ರೂಪುಗೊಂಡ ಪರಿಸರದ ಲೆಕ್ಕದಲ್ಲಿ ಮಾತ್ರ ಅದಕ್ಕೆ ಅರ್ಥ.

ಇದೇ ತತ್ವ ಕಡಲಿನ ಒಳಗೂ ನಡೆಯುತ್ತದೆ. ಬಂಗಡೆ, ತಾರ್ಲಿ ಹಿಂಡು ಕಟ್ಟುವುದೇಕೆ ಎಂಬುದಕ್ಕೆ ಒಂದು ಉತ್ತರ, ಹಿಂಡಿನಲ್ಲಿ ಒಂದೊಂದು ಮೀನು ಬೇಟೆಗೆ ಸಿಗುವ ಸಂಭವ ಕಡಿಮೆ, ಹೊಂಚುವವನ ಕಣ್ಣು ಗೊಂದಲಗೊಳ್ಳುತ್ತದೆ ಎಂಬುದು. ನಡುವೆ ಸೇರಿಕೊಳ್ಳಲು ಎಲ್ಲವೂ ಹೆಣಗಿದರೆ ಹಿಂಡು ತಾನಾಗಿ ಬಿಗಿಯಾಗುತ್ತದೆ ಎಂದು 1971ರಲ್ಲಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ ಗಣಿತದಿಂದ ತೋರಿಸಿದರು. ದೊಡ್ಡ ಮೀನಿನಿಂದ ಕಾಯ್ದ ಆ ಬಿಗಿ ಹಿಂಡೇ ಮನುಷ್ಯನ ಬಲೆಗೆ ಅನುಕೂಲವಾಯಿತು. ದಡದಲ್ಲಿ ಇಡೀ ಊರು ನಿಂತು ಎಳೆಯುತ್ತಿದ್ದ ರಂಪಣಿಯೂ, 1970ರ ದಶಕದ ಕೊನೆಯಲ್ಲಿ ಅದನ್ನು ಮೂಲೆಗೆ ತಳ್ಳಿದ ಪರ್ಸೀನ್ ಬೋಟುಗಳೂ ನಂಬಿದ್ದು ಒಂದೇ ವರ್ತನೆಯನ್ನು. ಆದರೆ ರಂಪಣಿ ಕಾಯುತ್ತಿತ್ತು. ಹಿಂಡು ತಾನಾಗಿ ದಡದ ಹತ್ತಿರ ಬಂದರೆ ಮಾತ್ರ ಬಲೆ. ಎಲ್‌ಇಡಿ ದೀಪದ ಮೀನುಗಾರಿಕೆ ಕಾಯುವುದಿಲ್ಲ, ಬೆಳಕಿಗೆ ಬರುವ ಮೀನಿನ, ಕಪ್ಪೆಬೊಂಡಾಸಿನ ಸ್ವಭಾವವನ್ನೇ ಬಳಸಿ ಅವನ್ನು ಎಳೆದು ತರುತ್ತದೆ. 2017ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ಈ ನಿಷೇಧದ ಚರ್ಚೆಯಲ್ಲಿ ಸಣ್ಣ ದೋಣಿಯವರ ಹೊಟ್ಟೆಪಾಡಿನ ಮಾತು ಬರುತ್ತದೆ, ಬರಲೇಬೇಕು. ಜೊತೆಗೆ ವರ್ತನೆಯ ವಿಜ್ಞಾನದ ಮಾತೂ ಬರಬೇಕೆಂಬುದು ನನ್ನ ಆಗ್ರಹ: ಪ್ರಚೋದನೆಗೆ ತಪ್ಪದೆ ಓಗೊಡುವ ಜೀವಿಗೆ ಆ ಪ್ರಚೋದನೆಯೇ ಬಲೆಯಾದಾಗ ಅದರ ಬಳಿ ಪಾರಾಗುವ ಉಪಾಯ ಇರುವುದಿಲ್ಲ.

ನಾಲ್ಕನೆಯ ಪ್ರಶ್ನೆ, ಪೂರ್ವಜರ ಪ್ರಶ್ನೆ, ಎಲ್ಲಕ್ಕಿಂತ ಕಷ್ಟದ್ದು. ವರ್ತನೆ ಎಲುಬಿನಂತೆ ಕಲ್ಲಾಗಿ ಉಳಿಯುವುದಿಲ್ಲ. ಬದುಕಿರುವ ನೆಂಟ ಜಾತಿಗಳನ್ನು ಹೋಲಿಸಿಯೇ ಊಹಿಸಬೇಕು. ಆ ಹೋಲಿಕೆಗೆ ನಮ್ಮ ನಾಡು ಅನುಕೂಲದ ಜಾಗ. ಯುರೋಪಿನ ಫಾನ್ ಫ್ರಿಷ್ ಅವರ ಕೈಯಲ್ಲಿದ್ದದ್ದು ಪೆಟ್ಟಿಗೆಯ ಒಂದೇ ಜೇನು. ನಮ್ಮಲ್ಲಿ ಯಾಣದ ಬಂಡೆಗಳಿಗೆ ತೂಗುವ ಹೆಜ್ಜೇನು, ಪೊಟರೆಯ ತುಡುವೆ, ಪೊದೆಯ ಕೋಲ್ಜೇನು ಮೂರೂ ಒಂದೇ ಕುಲದವು, ಒಂದೇ ಪ್ರದೇಶದಲ್ಲಿ ಬಾಳುತ್ತವೆ.

ಮೇವು ಕಂಡು ಬಂದ ಜೇನುಹುಳ ಗೂಡಿನಲ್ಲಿ ಕುಣಿದು ಇತರರಿಗೆ ಸುಳಿವು ಕೊಡುತ್ತದೆ ಎಂಬುದು ಫಾನ್ ಫ್ರಿಷ್ ಅವರ ಶೋಧ. ತುಡುವೆ ಕತ್ತಲ ಪೊಟರೆಯೊಳಗೆ ಲಂಬವಾದ ಎರಿಯ ಮೇಲೆ ಕುಣಿಯುತ್ತದೆ; ಸೂರ್ಯನಿಂದ ಮೇವು ಎಷ್ಟು ಓರೆಯೋ, ಗುರುತ್ವದ ಗೆರೆಯಿಂದ ಅಷ್ಟು ಓರೆಯಾಗಿ ಕುಣಿತ. ಮೈ ನಡುಗಿಸುತ್ತಾ ಸಾಗುವ ಹೊತ್ತು ದೂರವನ್ನು ಹೇಳುತ್ತದೆ. ಫಾನ್ ಫ್ರಿಷ್ ಅವರ ಶಿಷ್ಯ ಮಾರ್ಟಿನ್ ಲಿಂಡೌವರ್ 1950ರ ದಶಕದಲ್ಲಿ ಶ್ರೀಲಂಕಾಕ್ಕೆ ಬಂದು ಏಷ್ಯದ ಜೇನುಗಳನ್ನು ನೋಡಿದರು. ಕೋಲ್ಜೇನು ರೆಂಬೆಯ ಮೇಲ್ಭಾಗದ ಚಪ್ಪಟೆ ಜಾಗದಲ್ಲಿ, ಬಯಲಿನಲ್ಲಿ, ಮೇವಿನ ದಿಕ್ಕಿಗೇ ಮುಖಮಾಡಿ ಕುಣಿಯುತ್ತದೆ. ದಿಕ್ಕನ್ನು ನೇರವಾಗಿ ತೋರುವ ಈ ಕುಣಿತವೇ ಹಳೆಯದು, ಅದನ್ನು ಗುರುತ್ವಕ್ಕೆ ಅನುವಾದಿಸುವ ಕುಣಿತ ಬಳಿಕ ಬೆಳೆದದ್ದು ಎಂಬ ಊಹೆಗೆ ಅದು ದಾರಿ ಮಾಡಿತು. ಹೆಜ್ಜೇನು ಎರಡರ ನಡುವಿನದು: ಬಯಲಿನ ಎರಿ, ಆದರೆ ಲಂಬವಾದ ಮೈ. ದೂರ ಹೇಳುವ ಲೆಕ್ಕವೂ ಮೂರರಲ್ಲಿ ಒಂದೇ ಅಲ್ಲ. ದಕ್ಷಿಣ ಭಾರತದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ, ಮೇವಿಗೆ ಹತ್ತಿರವೇ ಹಾರುವ ತುಡುವೆಯ ಕುಣಿತ ದೂರ ಹೆಚ್ಚಿದಂತೆ ಬೇಗ ಉದ್ದವಾಗುತ್ತದೆ, ಬಹುದೂರ ಹಾರುವ ಹೆಜ್ಜೇನಿನದು ನಿಧಾನವಾಗಿ ಉದ್ದವಾಗುತ್ತದೆ, ಕೋಲ್ಜೇನಿನದು ನಡುವಿನದು ಎಂದು ತೋರಿಸಿತು. ಹತ್ತಿರದ ಮೇವನ್ನು ಕರಾರುವಾಕ್ಕಾಗಿ ಹೇಳಬೇಕಾದ ಜಾತಿಗೆ ಸೂಕ್ಷ್ಮ ಅಳತೆ, ದೂರದ್ದನ್ನು ಹೇಳಬೇಕಾದದ್ದಕ್ಕೆ ದೊಡ್ಡ ಅಳತೆ. ಇಲ್ಲಿ ಪೂರ್ವಜರ ಪ್ರಶ್ನೆಯೂ ಪ್ರಯೋಜನದ ಪ್ರಶ್ನೆಯೂ ಕೈಹಿಡಿದು ನಡೆಯುತ್ತವೆ.

ಪ್ರಯೋಜನ ಯಾರಿಗೆ ಎಂಬ ಮಾತನ್ನು ಇನ್ನೂ ಬಿಡಿಸಿಲ್ಲ. ಅದನ್ನು ಬಿಡಿಸಿದ ಘಟನೆ ನಮ್ಮ ಪಕ್ಕದ ಧಾರವಾಡದ್ದು. ಜಪಾನಿನ ಯುಕಿಮಾರು ಸುಗಿಯಾಮ 1960ರ ದಶಕದ ಆರಂಭದಲ್ಲಿ ಧಾರವಾಡದ ಸುತ್ತಿನ ಮುಸುವಗಳನ್ನು ಅಭ್ಯಸಿಸಿದರು. ಅಲ್ಲಿಯ ಹಲವು ಗುಂಪುಗಳಲ್ಲಿ ಒಂದೇ ವಯಸ್ಕ ಗಂಡು, ಹಲವು ಹೆಣ್ಣು. ಉಳಿದ ಗಂಡುಗಳದೇ ಬೇರೆ ತಂಡಗಳು. 1962ರಲ್ಲಿ ಅಂಥ ಗಂಡುಗಳ ತಂಡ ಒಂದು ಗುಂಪಿನ ಮೇಲೆ ಬಿದ್ದು ಹಳೆಯ ಗಂಡನ್ನು ಓಡಿಸಿತು. ಅವುಗಳಲ್ಲಿ ಒಂದು ಒಡೆಯನಾಗಿ ಉಳಿದು ಮರಿಗಳನ್ನು ಕಚ್ಚಿ ಕೊಂದಿತು. ಮರಿ ಕಳೆದುಕೊಂಡ ತಾಯಂದಿರು ಬೇಗನೆ ಬೆದೆಗೆ ಬಂದರು. 1965ರಲ್ಲಿ ಈ ವರದಿ ಹೊರಬಂದಾಗ ನಂಬಿದವರು ಕಡಿಮೆ.

ಆಗಿನ ತಿಳಿವಳಿಕೆಯೇ ಬೇರೆ ಇತ್ತು. ಪ್ರಾಣಿಯ ನಡೆ ಜಾತಿಯ ಹಿತಕ್ಕಾಗಿ ಎಂಬ ಮಾತು ಪಠ್ಯಗಳಲ್ಲಿ ಹರಿದಾಡುತ್ತಿತ್ತು; ವಿನ್ ಎಡ್ವರ್ಡ್ಸ್ 1962ರಲ್ಲಿ ಅದಕ್ಕೆ ದೊಡ್ಡ ಗ್ರಂಥವನ್ನೇ ಬರೆದಿದ್ದರು. ಮರಿ ಕೊಲ್ಲುವುದು ಜಾತಿಯ ಹಿತ ಹೇಗಾದೀತು? ಅತಿಯಾದ ಸಂದಣಿಯಿಂದ, ಮನುಷ್ಯರ ಕಾಟದಿಂದ ಕೆಟ್ಟುಹೋದ ಗುಂಪಿನ ರೋಗಲಕ್ಷಣ ಅದು ಎಂದು ಅನೇಕ ವಿದ್ವಾಂಸರು ವಾದಿಸಿದರು. ಸಾರಾ ಹರ್ಡಿ 1970ರ ದಶಕದಲ್ಲಿ ರಾಜಸ್ಥಾನದ ಅಬುವಿನ ಮುಸುವಗಳನ್ನು ನೋಡಿ ಬೇರೆ ವಾದ ಮುಂದಿಟ್ಟರು. ಹೊಸ ಗಂಡು ಕೊಲ್ಲುವುದು ತನ್ನದಲ್ಲದ ಮರಿಗಳನ್ನು. ಹಾಲೂಡಿಸುವುದು ನಿಂತರೆ ತಾಯಿ ಬೇಗ ಗರ್ಭ ಧರಿಸುತ್ತದೆ. ಅವನು ಒಡೆಯನಾಗಿರುವ ಕಾಲ ಚಿಕ್ಕದು. ಆ ಕಾಲದಲ್ಲಿ ಅವನ ಸಂತಾನ ಹೆಚ್ಚುತ್ತದೆ. ಲಾಭ ಆ ಗಂಡಿಗೆ, ನಷ್ಟ ಹೆಣ್ಣಿಗೆ. ಜಾತಿಯ ಹಿತ ಲೆಕ್ಕದಲ್ಲೇ ಇಲ್ಲ. ಮುಂದೆ ನೇಪಾಳದ ರಾಮನಗರದ ಮುಸುವಗಳ ಡಿಎನ್‌ಎ ಪರೀಕ್ಷೆ ದಾಳಿ ಮಾಡಿದ ಗಂಡುಗಳು ಆ ಮರಿಗಳ ತಂದೆಯಲ್ಲ ಎಂದು ತೋರಿಸಿ ಈ ವಾದವನ್ನು ಬಲಪಡಿಸಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಪ್ರಯೋಜನ ಎಂದಾಗ ಗಂಡು ಲೆಕ್ಕ ಹಾಕಿ ಕೊಲ್ಲುತ್ತದೆ ಎಂದು ಅರ್ಥವಲ್ಲ. ಅಂಥ ನಡೆಯಿದ್ದ ಗಂಡುಗಳ ಸಂತಾನ ಹೆಚ್ಚು ಉಳಿದದ್ದರಿಂದ ಆ ನಡೆ ಉಳಿದಿದೆ, ಅಷ್ಟೇ. ಪ್ರಕೃತಿಯಲ್ಲಿ ಇದೆಯೆಂಬ ಕಾರಣಕ್ಕೆ ಅದು ಸರಿ ಎಂದೂ ಆಗದು. ಇರುವುದನ್ನು ತಿಳಿಯುವುದು ವಿಜ್ಞಾನದ ಕೆಲಸ. ಹೇಗಿರಬೇಕೆಂದು ತೀರ್ಮಾನಿಸುವ ಹೊಣೆ ನಮ್ಮದು, ಅದನ್ನು ಮುಸುವದ ಹೆಗಲಿಗೆ ಹಾಕಲಾಗದು.

ಲಾಭ ಒಂಟಿ ಜೀವಿಯದೇ ಆದರೆ ಇನ್ನೊಂದರ ಮರಿ ಸಾಕುವ ಕಣಜವನ್ನು ಏನೆನ್ನಬೇಕು? ನಮ್ಮ ಮನೆಗಳ ಸೂರಿನಡಿ ಕಾಗದದಂಥ ಗೂಡು ಕಟ್ಟುವ ರೊಪಾಲಿಡಿಯಾ ಮಾರ್ಜಿನೇಟಾ ಕಣಜದ ಅಧ್ಯಯನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ ಅವರ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಸಂಬಂಧಿಗೆ ಆಗುವ ಲಾಭವನ್ನು ನೆಂಟಸ್ತಿಕೆಯ ಪ್ರಮಾಣದಿಂದ ಗುಣಿಸಿದಾಗ ಅದು ಸ್ವಂತ ನಷ್ಟಕ್ಕಿಂತ ಹೆಚ್ಚಾದರೆ ತ್ಯಾಗ ಬೆಳೆದೀತು ಎಂದು ಹ್ಯಾಮಿಲ್ಟನ್ 1964ರಲ್ಲಿ ಹೇಳಿದ್ದರು. ಈ ಕಣಜದ ಗೂಡಿನಲ್ಲಿ ನೆಂಟಸ್ತಿಕೆ ಅಷ್ಟೇನೂ ಹತ್ತಿರದ್ದಲ್ಲ. ಆದ್ದರಿಂದ ಅದೊಂದೇ ಸಾಲದು, ಒಂಟಿಯಾಗಿ ಗೂಡು ಕಟ್ಟಿ ಅರ್ಧಕ್ಕೆ ಸತ್ತರೆ ಎಲ್ಲ ನಷ್ಟ, ಗುಂಪಿನಲ್ಲಿ ದುಡಿದು ಸತ್ತರೆ ದುಡಿದಷ್ಟು ಫಲ ಉಳಿಯುತ್ತದೆ ಎಂಬ ಲೆಕ್ಕವೂ ಸೇರಬೇಕು ಎಂದು ಗದಗಕರ ತೋರಿಸಿದರು. ರಾಣಿ ಅಲ್ಲಿ ಸೌಮ್ಯ ಸ್ವಭಾವದವಳು. ಅವಳನ್ನು ತೆಗೆದರೆ ಕೂಡಲೇ ಒಬ್ಬ ಕೆಲಸಗಾತಿ ಆಕ್ರಮಣಕಾರಿಯಾಗಿ ಉತ್ತರಾಧಿಕಾರಕ್ಕೆ ನಿಲ್ಲುತ್ತಾಳೆ, ಉಳಿದವರು ಒಪ್ಪುತ್ತಾರೆ. ಈ ಶೋಧಗಳ ಬಹುಭಾಗಕ್ಕೆ ಬೇಕಾದದ್ದು ಕಣಜಗಳನ್ನು ಗುರುತಿಸಲು ಬಣ್ಣದ ಚುಕ್ಕೆ, ಪುಸ್ತಕ, ಗಡಿಯಾರ ಮತ್ತು ತಾಳ್ಮೆ. ಕುಮಟಾದ ಬಾಳಿಗಾ ಕಾಲೇಜು, ಹೊನ್ನಾವರದ ಎಸ್‌ಡಿಎಂ ಕಾಲೇಜು, ಭಟ್ಕಳದ ಅಂಜುಮನ್ ಕಾಲೇಜುಗಳ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳಿಗೆ ಇದನ್ನು ನಾನು ಮನಃಪೂರ್ವಕ ಹೇಳುತ್ತಿದ್ದೇನೆ.

ಕೊನೆಯದಾಗಿ ತೋಟದ ಮಂಗ. ಮೊದಲಿಗೆ ಹೇಳಿದ ನಾಲ್ಕು ಉತ್ತರಗಳನ್ನು ಈಗ ಅವುಗಳ ಜಾಗದಲ್ಲಿ ಕೂರಿಸಬಹುದು. ಹಸಿವು, ಬಾಳೆಗೊನೆಯ ನೋಟ ಇವು ಆ ಕ್ಷಣದ ಕಾರಣ. ಮರಿಯಾಗಿದ್ದಾಗ ತಾಯಿಯೊಡನೆ ತೋಟಕ್ಕೆ ಬಂದದ್ದು, ಯಾತ್ರಿಕರ ಕೈಯಿಂದ ತಿಂದದ್ದು ಬೆಳವಣಿಗೆಯ ಕಾರಣ. ಕಾಡು ಹಾಳಾದಾಗ ತೋಟದಲ್ಲಿ ಕಡಿಮೆ ಹುಡುಕಾಟಕ್ಕೆ ಹೆಚ್ಚು ಪೌಷ್ಟಿಕಾಂಶ ಸಿಗುವುದು ಪ್ರಯೋಜನ. ಬಗೆಬಗೆಯ ಮೇವಿಗೆ ಒಗ್ಗುವ, ಅಂಚಿನ ಕಾಡಿನಲ್ಲಿ ಬಾಳುವ ಗುಣ ಪೂರ್ವಜರಿಂದ ಬಂದದ್ದು. ಬಂಡೀಪುರದ ಮಂಗಗಳು ಪ್ರವಾಸಿಗರ ಕಡೆಗೆ ಕೈಚಾಚಿ ಒಂದು ಬಗೆಯ ಕೂಗು ಹಾಕಿ ತಿಂಡಿ ಬೇಡುವುದನ್ನು ಅನಿಂದ್ಯ ಸಿನ್ಹಾ ಮತ್ತು ಸಹೋದ್ಯೋಗಿಗಳು 2018ರಲ್ಲಿ ವರದಿ ಮಾಡಿದರು. ನಮ್ಮ ಜೊತೆಗಿನ ಒಡನಾಟದಿಂದಲೇ ಹುಟ್ಟಿದ ಹೊಸ ಸಂಜ್ಞೆ ಅದು.

ಓಡಿಸುವ ಉಪಾಯಗಳು ಸೋಲುವುದಕ್ಕೂ ಶಾಸ್ತ್ರೀಯ ಕಾರಣವಿದೆ. ಬೆರ್ಚಪ್ಪ, ಗರ್ನಾಲು ಕೆಲವು ದಿನ ಕೆಲಸ ಮಾಡುತ್ತವೆ. ಸದ್ದಿನ ಹಿಂದೆ ನಿಜವಾದ ಅಪಾಯ ಇಲ್ಲವೆಂದು ತಿಳಿದ ಪ್ರಾಣಿ ಓಗೊಡುವುದನ್ನು ಬಿಡುತ್ತದೆ; ಇದಕ್ಕೆ ಒಗ್ಗಿಕೊಳ್ಳುವಿಕೆ ಎನ್ನುತ್ತೇವೆ, ಕಲಿಕೆಯ ಅತ್ಯಂತ ಸರಳ ರೂಪ. ಇನ್ನೊಂದು ಕಡೆ, ಐದು ಸಲ ಬಂದಾಗ ಒಮ್ಮೆ ಮಾತ್ರ ಮೇವು ಸಿಕ್ಕರೂ ಅದು ಬರುತ್ತಲೇ ಇರುತ್ತದೆ. ಆಗೊಮ್ಮೆ ಈಗೊಮ್ಮೆ ಸಿಗುವ ಪ್ರತಿಫಲ ಸದಾ ಸಿಗುವುದಕ್ಕಿಂತ ಗಟ್ಟಿಯಾದ ಅಭ್ಯಾಸ ಕಟ್ಟುತ್ತದೆ ಎಂಬುದು ಬಿ. ಎಫ್. ಸ್ಕಿನ್ನರ್ ಅವರ ಕಾಲದಿಂದ ಸಿದ್ಧವಾದ ಸಂಗತಿ. ಹಿಡಿದು ದೂರದ ಕಾಡಿಗೆ ಬಿಡುವ ಬೇಡಿಕೆಯನ್ನು ನಾನು ತಳ್ಳಿಹಾಕುವುದಿಲ್ಲ, ಬೆಳೆಗಾರರ ನಷ್ಟ ನಿಜವಾದದ್ದು. ಆದರೆ ಮಂಗಗಳಲ್ಲಿ ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಉಳಿಯುತ್ತವೆ, ಗಂಡುಗಳು ವಯಸ್ಸಿಗೆ ಬಂದ ಮೇಲೆ ಬೇರೆ ಗುಂಪಿಗೆ ಹೋಗುತ್ತವೆ. ಗುಂಪನ್ನು ಒಡೆದು ಸಿಕ್ಕಷ್ಟನ್ನು ಹಿಡಿದು ಬಿಟ್ಟರೆ ತೋಟದ ಕಲಿಕೆ ಅವುಗಳ ಜೊತೆಗೇ ಹೊಸ ಊರಿಗೆ ಹೋಗುತ್ತದೆ, ಖಾಲಿಯಾದ ಜಾಗಕ್ಕೆ ಇನ್ನೊಂದು ಗುಂಪು ಬರುತ್ತದೆ.

ಅದೇ ಕುಲದ ಸಿಂಗಳೀಕ ಬೇರೆಯೇ ಜೀವಿ. ಮಳೆಕಾಡಿನ ಮೇಲ್ಚಾವಣಿಯ ಹಣ್ಣು, ಹುಳ ಅದರ ಬಾಳು. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಎಚ್. ಎನ್. ಕುಮಾರ ಅವರು ಈ ಶತಮಾನದ ಆರಂಭದಲ್ಲಿ ಶಿರಸಿ–ಹೊನ್ನಾವರದ ಕಾಡುಗಳಲ್ಲಿ ಸಿಂಗಳೀಕದ ದೊಡ್ಡ ಸಮುದಾಯ ಇರುವುದನ್ನು ದಾಖಲಿಸಿದ ಮೇಲೆ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ತಮಿಳುನಾಡಿನ ವಾಲ್ಪಾರೈಯಲ್ಲಿ ಕಾಡು ತುಂಡಾದ ಮೇಲೆ ಸಿಂಗಳೀಕಗಳು ನೆಲಕ್ಕಿಳಿದು ರಸ್ತೆ, ಮನೆಗಳ ಬಳಿ ಮೇವು ಹುಡುಕುವುದನ್ನು ಕಲಿತಿವೆ. ಒಂದೇ ಜಾತಿ, ಎರಡು ಬಾಳುವೆ. ಹೊನ್ನಾವರದ ಘಟ್ಟದಲ್ಲಿ ಉಪ್ಪಾಗೆ, ಮುರುಗಲು ಕೊಯ್ಯಲು ಜನ ಕಾಡಿಗೆ ಹೋಗುವ ತಿಂಗಳುಗಳಲ್ಲಿ ಸಿಂಗಳೀಕದ ಗುಂಪು ಎಷ್ಟು ದೂರ ಅಲೆಯುತ್ತದೆ, ನೆಲಕ್ಕೆ ಎಷ್ಟು ಸಲ ಇಳಿಯುತ್ತದೆ, ಮರಿಗಳು ಅದನ್ನು ಯಾರಿಂದ ನೋಡಿ ಕಲಿಯುತ್ತವೆ? ಕೊಯ್ಲಿನ ತಿಂಗಳು ಮತ್ತು ಕೊಯ್ಲಿಲ್ಲದ ತಿಂಗಳುಗಳಲ್ಲಿ ಒಂದೇ ಗುಂಪನ್ನು, ಒಂದೇ ಕ್ರಮದಲ್ಲಿ, ವರ್ಷವರ್ಷವೂ ನೋಡಿ ಬರೆದಿಟ್ಟರೆ ಈ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಅದನ್ನು ಬರೆಯಬಲ್ಲವರು ಕಾಡಿನ ಅಂಚಿನಲ್ಲಿಯೇ ವಾಸವಾಗಿರುವವರು.